ಆರೋಗ್ಯದ ಇಲಿಗಳು

“ಕೈ ಬಿಡು ಅಂದೆ, ಮಾಲು! ಹೆಣದ ಮುಂದೆ ಎಂತ ಹಟ ಇದು ನಿಂದು?”

ಜನಾರ್ದನ ಕೂಗಿದ ಕೂಗಿಗೆ ಕಳಸದ ಆ ಓಣಿಯಲ್ಲಿ ನಿಂತಿದ್ದವರೆಲ್ಲ ಕಾಂಪೌಂಡಿನೊಳಗೆ ಇಣುಕಿದರು. ನಲ್ಲಿಯ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಅವನ ತಮ್ಮ ಯಶವಂತನ ಹೆಣವಿತ್ತು. ತಂಗಿ ಮಾಲವಿಕಾ ಹೆಣದ ಎಡತೋಳನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದಳು. ಸ್ನಾನ ಮಾಡಿಸಲು ಬಿಸಿನೀರಿನ ಕೊಡ ಹಿಡಿದು ಬಂದಿದ್ದ ಅವಳ ಗಂಡ ಸುಪ್ರೀತ್, ಎಲ್ಲಿ ಹೊಯ್ಯಬೇಕೆಂದು ತಿಳಿಯದೆ ನಿಂತಿದ್ದ.

“ಬಿಸಿನೀರು ಹೊಯ್ಯಬೇಡಿ. ಮೊದಲು ಯಾರಾದರೂ ಡಾಕ್ಟ್ರು ಈ ತೋಳು ನೋಡಲಿ. ಆಮೇಲೆ ಎತ್ತಿ.”

“ಬೆಳಿಗ್ಗೆ ಡಾಕ್ಟ್ರು ಬಂದು ಸರ್ಟಿಫಿಕೇಟ್ ಕೊಟ್ಟು ಹೋಗಿಯಾಯ್ತು. ಇನ್ನು ಯಾವ ಡಾಕ್ಟ್ರು? ಪೊಲೀಸಿನವರನ್ನೂ ಕರೆಸುವ ಆಲೋಚನೆ ಉಂಟಾ? ಕೊಯ್ಸಿ, ಹೊಲಿಸಿ, ಮೂಟೆ ಕಟ್ಟಿಸಿ ತರಬೇಕಾ ನನ್ನ ತಮ್ಮನ್ನ?”

“ನನಗೂ ಅಣ್ಣನೇ ಅವನು!”

“ಹಾಗಾದರೆ ನೆಟ್ಟಗೆ ಹೋಗಲಿಕ್ಕೆ ಬಿಡು ಅವನ್ನ! ತಮ್ಮನಿಗೆ ಕೊಳ್ಳಿ ಇಡುವ ಗತಿ ಬಂತಲ್ಲ ಅಂತ ಸಾಯ್ತಾ ಇದ್ದೇನೆ ನಾನು. ಇವಳದ್ದೊಂದು ಬೇರೆ.”

ಜನಾರ್ದನ ಹೈಸ್ಕೂಲು ಮೇಷ್ಟ್ರು. ಅವನ ಗಂಟಲಿಗೆ ಇಡೀ ಕಳಸ ಹೆದರುತ್ತಿತ್ತು. ಅವನು ಬಗ್ಗಿ ತಂಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಆಗ ಆ ತೋಳಿನ ಒಳಬದಿ ಎಲ್ಲರಿಗೂ ಕಂಡಿತು. ನಿಂಬೆಹಣ್ಣಿನಷ್ಟು ಊತ. ನಡುವೆ ಚರ್ಮ ಕಪ್ಪಾಗಿತ್ತು.

“ಅಯ್ಯಯ್ಯೋ, ಉಣ್ಣಿ ಕಚ್ಚಿದ್ದು ಅದು,” ಎಂದ ಹೆಣ ಸಾಗಿಸಲು ಬಂದಿದ್ದ ಜೀಪಿನ ರವಿ. “ಮಂಗನ ಕಾಯಿಲೆಯೇ. ನಾನು ಆವಾಗಲೇ ಹೇಳಲಿಲ್ವಾ?”

ಓಣಿಯಲ್ಲಿದ್ದವರು ಹಿಂದೆ ಸರಿದರು. ಯಾರೂ ಯಾರಿಗೂ ಹೇಳಲಿಲ್ಲ, ಎಲ್ಲರೂ ಒಟ್ಟಿಗೇ ಸರಿದರು. ಒಬ್ಬಳು ಹೆಂಗಸು ಮಗುವನ್ನು ಎತ್ತಿಕೊಂಡು ಮನೆಯ ದಾರಿ ಹಿಡಿದೇಬಿಟ್ಟಳು. ಮೂರು ದಿನದ ಜ್ವರ, ಬೇಸಿಗೆ, ಕಾಡು ತಿರುಗಿ ಬಂದ ಮನುಷ್ಯ. ಈ ಕಡೆಯವರಿಗೆ ಅಷ್ಟು ಸಾಕು. ರಕ್ತದ ರಿಪೋರ್ಟು ಇನ್ನೂ ಬಂದಿರಲಿಲ್ಲ. ಅದನ್ನು ಯಾರು ಕಾಯುತ್ತಾರೆ?

ಅಷ್ಟು ಹೊತ್ತಿಗೆ ಗೇಟಿನ ಮುಂದೆ ಒಂದು ಬೂದುಬಣ್ಣದ ಕಾರು ಬಂದು ನಿಂತಿತು. ಇಳಿದವನು ಸುರೇಂದ್ರ. ಯಶವಂತ ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಪ್ರಯೋಗದ ಇಲಿ ಮೊಲಗಳನ್ನು ನೋಡಿಕೊಳ್ಳುವ ಪಶುವೈದ್ಯ. ಬೂಟು ಬಿಚ್ಚಿ ಒಳಗೆ ಬಂದವನ ಕಣ್ಣು ಮೊದಲು ಹೋದದ್ದು ಹೆಣದ ಮುಖಕ್ಕಲ್ಲ, ತೋಳಿಗೆ. ಅವನ ತುಟಿ ಬಿಳುಚಿಕೊಂಡಿತು. ಅವನು ಇನ್ನು ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.

ಅದನ್ನು ಕಂಡದ್ದು ಮಾಲವಿಕಾ ಒಬ್ಬಳೇ. ಅವಳು ಎದ್ದು ಪಕ್ಕಕ್ಕೆ ನಿಂತಳು. ಸುಪ್ರೀತ್ ನೀರು ಹೊಯ್ದ.

*

ಕುದುರೆಮುಖದಲ್ಲಿ ಗಣಿ ಕಂಪನಿ ಇನ್ನೂ ನಡೆಯುತ್ತಿದ್ದ ಕಾಲ. ಅಪ್ಪ ಕಂಪನಿಯ ಶಾಲೆಯಲ್ಲಿ ಮೇಷ್ಟ್ರು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ಮಾಲವಿಕಾ ಇದ್ದಕ್ಕಿದ್ದಂತೆ ಬಿದ್ದು ಒದ್ದಾಡಿದಳು. ಬಾಯಲ್ಲಿ ನೊರೆ. ಯಾರೋ “ಕಬ್ಬಿಣ, ಕಬ್ಬಿಣ” ಎಂದು ಕೂಗಿದರು. ಇನ್ಯಾರೋ ಅವಳ ಮುಷ್ಟಿಗೆ ಬೀಗದ ಕೈಗೊಂಚಲು ತುರುಕಿದರು. ಇಡೀ ಊರೇ ಕಬ್ಬಿಣದ ಅದಿರಿನ ಮೇಲೆ ನಿಂತಿತ್ತು. ಆದರೂ ಅವಳ ಮೂರ್ಛೆ ನಿಲ್ಲಲು ಅದಕ್ಕೆ ಬೇಕಾದಷ್ಟು ಹೊತ್ತು ಹಿಡಿಯಿತು.

ಅಪ್ಪ ಮನೆಗೆ ಬಂದು ಬಾಗಿಲು ಹಾಕಿಕೊಂಡು ಹೇಳಿದರು, “ಬಿಸಿಲಿಗೆ ತಲೆಸುತ್ತು ಬಂತು ಅಂತ ಹೇಳಿ. ಹೆಣ್ಣುಹುಡುಗಿ. ಗೊತ್ತಾಯ್ತಲ್ಲ?”

ಎಲ್ಲರಿಗೂ ಗೊತ್ತಾಯಿತು. ಮಾತ್ರೆ ಶುರುವಾಯಿತು. ತಿಂದರೆ ಏನೂ ಇಲ್ಲ, ಮರೆತರೆ ಬೀಳುವುದು. ಕಾಲೇಜು ಓದುತ್ತಿದ್ದ ಯಶವಂತ ದಿನಾ ಬೆಳಿಗ್ಗೆ ತಂಗಿಯ ನಾಲಿಗೆಯ ಮೇಲೆ ಮಾತ್ರೆ ಇಟ್ಟು, ನುಂಗಿದಳೇ ಎಂದು ಬಾಯಿ ತೆರೆಸಿ ನೋಡುತ್ತಿದ್ದ.

“ನೀನು ಮದುವೆ ಆಗಿ ಹೋದ ಮೇಲೆ ಯಾರು ಬಾಯಿ ತೆರೆಸ್ತಾರೆ ಮಾರಾಯ್ತಿ?”

“ನೀನೇ ಬಾ ದಿನಾ.”

“ಬರ್ತೇನೆ, ಬರ್ತೇನೆ. ನಿನ್ನ ಗಂಡ ದೊಣ್ಣೆ ಹಿಡ್ಕೊಂಡು ನಿಲ್ತಾನೆ.” ಮಾತ್ರೆಯ ಡಬ್ಬಿಗೆ ಮುಚ್ಚಳ ಹಾಕುತ್ತಾ ಅಂದ, “ಮರೆಯಲಿಕ್ಕೇ ಆಗದ ಹಾಗೆ ಒಂದು ಮಾಡಬೇಕು. ಒಂದು ಸಲ ಮೈಯೊಳಗೆ ಇಟ್ಟುಬಿಟ್ಟರೆ ಅದೇ ದಿನಾ ಕೊಡ್ತಾ ಇರಬೇಕು, ಅಮ್ಮ ಊಟ ಬಡಿಸಿದ ಹಾಗೆ.”

ಮದುವೆಯ ಮಾತುಕತೆಯಲ್ಲಿ ಮೂರ್ಛೆಯ ಸುದ್ದಿ ಬರಲೇ ಇಲ್ಲ. ಗಂಡು ಸುಪ್ರೀತ್, ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಒಳ್ಳೆಯ ಹುಡುಗ. ಒಳ್ಳೆಯವರಿಗೇ ಹೇಳಲು ಹೆಚ್ಚು ಹೆದರಿಕೆ. ಹನ್ನೊಂದು ವರ್ಷ ಅವಳು ಮಾತ್ರೆಗಳನ್ನು ಪೌಡರ್ ಡಬ್ಬದಲ್ಲಿ, ಸಾಸಿವೆ ಡಬ್ಬದಲ್ಲಿ, ಸೀರೆಯ ಮಡಿಕೆಯಲ್ಲಿ ಇಟ್ಟು ನುಂಗಿದಳು.

*

ಹೆಣಕ್ಕೆ ಹೊಸ ಪಂಚೆ ಉಡಿಸಿ ಜಗಲಿಯಲ್ಲಿ ಮಲಗಿಸಿದರು. ಭಟ್ಟರು ಬರುವುದು ತಡವಾಗಿತ್ತು. ಬಂದವರು ದೂರ ದೂರ ಕೂತು ಮೂಗಿಗೆ ಸೆರಗು, ಟವೆಲು ಹಿಡಿದುಕೊಂಡು ಮಾತಾಡುತ್ತಿದ್ದರು. ಬೆಟ್ಟದ ಮೇಲಿನ ತೋಟಗಳಲ್ಲಿ ಕಾಫಿ ಹೂ ಬಿಟ್ಟಿತ್ತು. ಆ ವಾಸನೆ ಊದುಬತ್ತಿಯ ಹೊಗೆಯನ್ನೂ ಮೀರಿ ಒಳಗೆ ಬರುತ್ತಿತ್ತು.

“ಪ್ರೊಫೆಸರ್ ಅಂತೆ. ಬಸ್ಸಲ್ಲೇ ಬರ್ತಿದ್ದದ್ದು ಯಾವಾಗಲೂ,” ಎಂದಳು ಪಕ್ಕದ ಮನೆಯ ಮುತ್ತಮ್ಮ.

“ಎಂತ ಕಲಿಸ್ತಿದ್ದದ್ದು?” ಕೇಳಿದವರು ಸುಪ್ರೀತನ ತಾಯಿ ತ್ರಿಪುರಸುಂದರಿ. ಮೂಡಿಗೆರೆಯಿಂದ ಸೊಸೆಯ ಜೊತೆಗೇ ಬಂದಿದ್ದರು.

“ಪಾಲಿಮರ್ ಅಂತೆ ಅಮ್ಮ. ಅಂದರೆ ಪ್ಲಾಸ್ಟಿಕ್,” ಎಂದ ಸುಪ್ರೀತ್.

“ಪ್ಲಾಸ್ಟಿಕ್ ಮಾಡಲಿಕ್ಕೆ ಅಷ್ಟು ಓದಬೇಕಾ? ನಮ್ಮಲ್ಲಿ ಬಕೆಟ್ ಮಾರುವವನು ಹೆಬ್ಬೆಟ್ಟು.”

ಯಾರೋ ನಕ್ಕರು. ಜನಾರ್ದನ ಉರಿದುಬಿದ್ದ. “ಬಕೆಟ್ ಅಲ್ಲ! ಕರಗುವ ಪ್ಲಾಸ್ಟಿಕ್. ಒಳಗೆ ಮದ್ದು ಇಟ್ಟು ಚರ್ಮದ ಅಡಿಗೆ ಸೇರಿಸಿದರೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡ್ತದೆ. ಇಪ್ಪತ್ತು ವರ್ಷ ಮಾಡಿದ ಅದೊಂದನ್ನೇ. ಮದುವೆ ಮಾಡ್ಕೊ ಅಂದರೆ ‘ಇದೊಂದು ಬ್ಯಾಚ್ ಮುಗೀಲಿ ಅಣ್ಣ’ ಅನ್ನುವುದು. ಯಾವ ಬ್ಯಾಚ್ ಮುಗೀತು? ಇವನೇ ಮುಗಿದ.” ಅವನ ದನಿ ಒಡೆಯಿತು. ಅದನ್ನು ಮುಚ್ಚಲು ಇನ್ನೂ ಜೋರಾಗಿ ಕೂಗಿದ, “ಭಟ್ಟರಿಗೆ ಯಾರಾದರೂ ಫೋನ್ ಮಾಡಿದ್ರಾ ಇಲ್ವಾ?”

ಹೆಣದ ಕಾಲ ಬಳಿ ಕೂತಿದ್ದ ಮಾಲವಿಕಾಗೆ ಆಕಳಿಕೆ ಬಂತು.

ಅವಳು ಗಾಬರಿಯಿಂದ ಬಾಯಿ ಮುಚ್ಚಿಕೊಂಡಳು. ಬೆಳಗಿನ ಜಾವಕ್ಕೇ ಎದ್ದು ಬಂದಿದ್ದಕ್ಕೆ ಇರಬೇಕು. ಅತ್ತದ್ದಕ್ಕೆ ಇರಬೇಕು. ಹಣೆ ಮುಟ್ಟಿ ನೋಡಿಕೊಂಡಳು. ಬಿಸಿ. ಒಲೆಯ ಮುಂದೆ ಕೂತು ಬಂದದ್ದಕ್ಕೆ ಇರಬೇಕು. ಕೈಯೂ ಬಿಸಿಯಾಗಿದ್ದರೆ ಹಣೆಯ ಬಿಸಿ ಗೊತ್ತಾಗುವುದಾದರೂ ಹೇಗೆ?

ಸಾಯುವ ಹಿಂದಿನ ಸಂಜೆ ಯಶವಂತ ಅವಳಿಗೆ ಫೋನ್ ಮಾಡಿದ್ದ. ಯುಗಾದಿಗೆ ಬಂದವನು ಕುದುರೆಮುಖಕ್ಕೆ ಹೋಗಿ, ತಾವಿದ್ದ ಕ್ವಾರ್ಟರ್ಸಿನ ಸುತ್ತ ಕಾಡು ಬೆಳೆದದ್ದನ್ನು ನೋಡಿ ಬಂದಿದ್ದ. ಆಮೇಲೆ ಜ್ವರ ಹಿಡಿದಿತ್ತು. ಅದನ್ನೇನೂ ಅವನು ಹೇಳಲಿಲ್ಲ. “ನಿಂಗೆ ಜ್ವರ ಇಲ್ಲ ತಾನೇ?” ಎಂದ. ನಾಲಿಗೆ ಎಳೆಯುತ್ತಿತ್ತು. “ಇಲ್ಲ” ಎಂದಳು. “ನಾಳೆ ಬಾ. ಸುರೇಂದ್ರನಿಗೆ ಹೇಳಿದ್ದೇನೆ. ನಿಂದು ತೆಗೆಸಿಬಿಡುವ.” “ಯಾಕೆ?” ಎಂದಳು. “ನಿದ್ದೆ ಬರ್ತಾ ಉಂಟು ಮಾಲು. ನಾಳೆ ಹೇಳ್ತೇನೆ.” ಗಂಜಿ ಕುಡಿದು ಮಲಗಿದವನು ಏಳಲಿಲ್ಲ.

ನಿಂದು ಎಂದ. ನಂದು ಎನ್ನಲಿಲ್ಲ.

“ನಿನ್ನ ಕಣ್ಣೆಲ್ಲ ಕೂತುಹೋಗಿದೆ,” ತ್ರಿಪುರಸುಂದರಿ ಅವಳ ಭುಜ ಮುಟ್ಟಿದರು. “ಭಟ್ಟರು ಬರುವ ತನಕ ಒಳಗೆ ಹೋಗಿ ಒಂದು ಗಳಿಗೆ ಮಲಗು ಹೋಗು.”

“ಬೇಡ ಅತ್ತೆ!” ಮಾಲವಿಕಾ ಅಂದದ್ದು ಕಿರುಚಿದಂತಿತ್ತು. ಎಲ್ಲರೂ ನೋಡಿದರು. ತಗ್ಗಿಸಿ ಹೇಳಿದಳು, “ನಂಗೆ ನಿದ್ದೆ ಬೇಡ.”

ಜಗಲಿಯ ಆ ತುದಿಯಲ್ಲಿ ಸುರೇಂದ್ರ ತಲೆ ಎತ್ತಲಿಲ್ಲ.

*

ಅವಳು ಯಶವಂತನ ಲ್ಯಾಬಿಗೆ ಹೋದದ್ದು ಒಂದೇ ಸಲ, ಕಳೆದ ಮಳೆಗಾಲದಲ್ಲಿ. ಗೆಳತಿಯ ಗೃಹಪ್ರವೇಶ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದಳು.

ಬಿಸಿನೀರಿನ ತೊಟ್ಟಿಯಲ್ಲಿ ಸಾಲುಸಾಲು ಬಾಟಲಿಗಳು ಮೆಲ್ಲಗೆ ಅಲುಗುತ್ತಿದ್ದವು. ಪ್ರತಿ ಬಾಟಲಿಯ ತಳದಲ್ಲಿ ಅಕ್ಕಿಕಾಳಿನಂಥ ಬಿಳಿ ಕಡ್ಡಿ. ತೊಟ್ಟಿಯ ಮೇಲೆ ಕೆಂಪು ಅಂಕಿ, ಮೂವತ್ತೇಳು.

“ಇದು ಮನುಷ್ಯನ ಮೈಯ ಬಿಸಿ,” ಎಂದ ಯಶವಂತ. “ಇಪ್ಪತ್ತು ವರ್ಷದಿಂದ ಈ ಅಂಕಿ ಹಾಗೆಯೇ ಉಂಟು. ಕರೆಂಟು ಹೋದರೂ ಅಲುಗದ ಹಾಗೆ ಮಾಡಿಟ್ಟಿದ್ದೇನೆ. ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊಂಡರೆ ಹೇಗೆ ಕರಗ್ತದೆ? ಹಾಗೇ, ಆದರೆ ವರ್ಷಗಟ್ಟಲೆ.”

“ಮೊದಲೆಲ್ಲ ಏನಾಗ್ತಿತ್ತು?”

“ಮೊದಲೆಲ್ಲ ಬೆಲ್ಲ ಆಗ್ತಿತ್ತು. ಒಂದೇ ದಿನದಲ್ಲಿ ಖಾಲಿ.” ಅವನು ನಕ್ಕ. ಆಮೇಲೆ ಅಂಗಿಯ ತೋಳು ಮೇಲೇರಿಸಿದ. ಒಳಬದಿಯಲ್ಲಿ ಒಂದು ಸಣ್ಣ ಗೆರೆಯಷ್ಟೇ ಇತ್ತು. “ನಾನು ಹಾಕ್ಕೊಂಡು ನಾಲ್ಕು ತಿಂಗಳಾಯ್ತು. ಮೊದಲು ನಂಗೆ, ಆಮೇಲೆ ನಿಂಗೆ. ಸತ್ತಿದ್ದೇನಾ ನೋಡು.”

“ಕೆಟ್ಟ ಬಾಯಿ ನಿಂದು.”

“ಕಾಗದಪತ್ರ ಎಲ್ಲ ಆಗಿ, ಪರವಾನಗಿ ಸಿಕ್ಕಿ, ಅಂಗಡಿಗೆ ಬರುವಷ್ಟು ಹೊತ್ತಿಗೆ ನೀನು ಅಜ್ಜಿ ಆಗಿರ್ತೀಯ. ನಂಗೆ ಕಾಯುವ ಪುರುಸೊತ್ತಿಲ್ಲ.”

ಸುರೇಂದ್ರ ಬಾಗಿಲಿಗೆ ಅಗುಳಿ ಹಾಕಿ ಬಂದ. ಇಲಿಗಳಿಗೆ ಹಾಕಿ ಹಾಕಿ ಅವನ ಕೈ ಪಳಗಿತ್ತು. ತೋಳಿಗೆ ಮರಗಟ್ಟಿಸುವ ಸೂಜಿ ಚುಚ್ಚಿದ, ಆಮೇಲೆ ಏನೋ ಒತ್ತಿದ ಹಾಗಾಯಿತು, ಅಷ್ಟೆ. ಯಶವಂತ ಅವಳ ಬಲಗೈ ಹಿಡಿದುಕೊಂಡಿದ್ದ. “ಬಾಯಿ ತೆರಿ ನೋಡುವ,” ಎಂದ ಹಳೆಯ ಅಭ್ಯಾಸಕ್ಕೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮನೆಗೆ ಬಂದು ಸಾಸಿವೆ ಡಬ್ಬದ ಮಾತ್ರೆಗಳನ್ನು ಒಲೆಗೆ ಹಾಕಿದಳು. ಆಮೇಲೆ ಒಂದು ದಿನವೂ ಬೀಳಲಿಲ್ಲ. ಗಂಡನ ಪಕ್ಕದಲ್ಲಿ ಮಲಗಿದಾಗ, ನಾಳೆ ಮಾತ್ರೆ ಎಲ್ಲಿ ನುಂಗಲಿ ಎಂಬ ಯೋಚನೆ ಇಲ್ಲದೆ ಮಲಗುವುದು ಎಂದರೆ ಏನೆಂದು ಅವಳಿಗೆ ಮದುವೆಯಾದ ಹನ್ನೊಂದು ವರ್ಷಕ್ಕೆ ತಿಳಿಯಿತು.

*

ಹೆಣ ಎತ್ತುವಾಗ ರವಿ ಜೀಪಿನ ಹತ್ತಿರ ಹೋಗಿ ನಿಂತು ತಲೆ ಕೆರೆದುಕೊಂಡ. “ಮೇಷ್ಟ್ರೇ, ತಪ್ಪು ತಿಳ್ಕೊಬೇಡಿ. ನಾಳೆ ಇದರಲ್ಲೇ ಶಾಲೆ ಮಕ್ಕಳನ್ನ ಕರ್ಕೊಂಡು ಹೋಗಬೇಕು…”

“ಕೀ ಕೊಡು,” ಎಂದ ಜನಾರ್ದನ.

“ಹಾಗಲ್ಲ ಮೇಷ್ಟ್ರೇ…”

“ಕೀ ಕೊಡೋ! ನಾನೇ ಓಡಿಸ್ತೇನೆ. ಬೆಂಕಿ ಮಡಕೆ ತೊಡೆ ಮೇಲೆ ಇಟ್ಕೊಂಡು ಓಡಿಸ್ತೇನೆ, ಕೊಡು!”

ರವಿ ಮುಖಕ್ಕೆ ಟವೆಲು ಬಿಗಿದು ತಾನೇ ಹತ್ತಿದ. ಸುಪ್ರೀತ್ ಮತ್ತು ಉಳಿದ ಗಂಡಸರು ಹಿಂದೆ ನಡೆದರು. ಜೀಪು ಭದ್ರೆಯ ದಡದ ಕಡೆ ತಿರುಗಿತು. ಓಣಿಯ ಕೊನೆಯ ತನಕ ಮಾಲವಿಕಾ ಕಂಡದ್ದು ಬಿಳಿ ಬಟ್ಟೆಯಡಿ ಉಬ್ಬಿದ ಆ ಎಡತೋಳನ್ನು. ಇನ್ನು ಅದನ್ನು ಯಾರೂ ನೋಡುವಂತಿಲ್ಲ. ಅಣ್ಣನಿಗೆ ಏನಾಯಿತೆಂದು ಹೇಳಬಲ್ಲದ್ದು ಅದೊಂದೇ ಆಗಿತ್ತು.

ಹೆಂಗಸರು ಮನೆ ತೊಳೆಯಲು ಸೆರಗು ಸಿಕ್ಕಿಸಿದರು. ಮುತ್ತಮ್ಮ ಬಕೆಟಿನಲ್ಲಿ ಸಗಣಿನೀರು ಕಲಸಿದಳು. ಸುರೇಂದ್ರ ಬೂಟು ಹಾಕಿಕೊಳ್ಳುತ್ತಿದ್ದ.

“ಒಳಗೆ ಬನ್ನಿ,” ಎಂದಳು ಮಾಲವಿಕಾ. “ಅಣ್ಣನ ರೂಮಲ್ಲಿ ನಿಮ್ಮ ಲ್ಯಾಬಿನ ಸಾಮಾನು ಉಂಟಂತೆ.”

ಸುಳ್ಳು. ಅವನಿಗೂ ಗೊತ್ತಾಯಿತು. ಆದರೂ ಬಂದ. ಅವಳು ಬಾಗಿಲು ಮುಚ್ಚಿದಳು.

“ಅದು ಉಣ್ಣಿ ಕಚ್ಚಿದ್ದಾ?”

“ಗೊತ್ತಿಲ್ಲಮ್ಮ. ದೇವರಾಣೆ ಗೊತ್ತಿಲ್ಲ.” ಅವನು ಪಿಸುಗುಟ್ಟಿದ. “ಕಾಯಿಲೆಯೇ ಕೊಂದಿರಬಹುದು. ಇಲ್ಲಾಂದ್ರೆ ಜ್ವರದ ಬಿಸಿಗೆ ಆ ಕಡ್ಡಿ ಮೆತ್ತಗಾಗಿ, ಇದ್ದ ಮದ್ದನ್ನೆಲ್ಲ ಒಂದೇ ಸಲ ಬಿಟ್ಟಿರಬಹುದು. ಅಷ್ಟು ಒಟ್ಟಿಗೆ ಏರಿದರೆ ನಿದ್ದೆಯಲ್ಲೇ ಉಸಿರು ನಿಲ್ಲುತ್ತೆ. ಸರ್ ಫೋನಲ್ಲಿ ಅದನ್ನೇ ಹೇಳಿದ್ರು. ಅವರಿಗೆ ಆವಾಗ ಹೊಳೆದದ್ದು.”

“ಜ್ವರ ಬಂದ ಇಲಿಗೆ ಏನಾಗ್ತಿತ್ತು?”

ಅವನು ಮುಚ್ಚಿದ ಬಾಗಿಲಿನ ಕಡೆ ನೋಡಿದ.

“ಕೇಳಿದ್ದು ನಿಮಗೇ. ಇಪ್ಪತ್ತು ವರ್ಷ ಇಲಿಗೆ ಹಾಕಿದಿರಲ್ಲ. ಜ್ವರ ಬಂದ ಇಲಿಗೆ ಏನಾಗ್ತಿತ್ತು?”

“ನೋಡಿಲ್ಲ. ಕಾಯಿಲೆ ಬಿದ್ದ ಇಲೀನ ನಾವು ಮೊದಲೇ ತೆಗೆದುಬಿಡ್ತೀವಿ. ಪ್ರಯೋಗಕ್ಕೆ ಆರೋಗ್ಯದ ಇಲಿಗಳೇ ಬೇಕು.”

ಮಾಲವಿಕಾ ಅವನ ಎದುರಿಗೆ ಬಂದು ನಿಂತಳು. “ಈ ಊರಲ್ಲಿ ಬೇಸಿಗೆ ಬಂದರೆ ಜ್ವರ ಬರದ ಮನೆ ಯಾವುದುಂಟು? ಇಲ್ಲೇ ಹುಟ್ಟಿ ಬೆಳೆದವನಿಗೆ ಅಷ್ಟು ಗೊತ್ತಾಗಲಿಲ್ವಾ?”

“ಲ್ಯಾಬಲ್ಲಿ ಕೂತರೆ ಊರು ನೆನಪಾಗಲ್ಲಮ್ಮ.”

“ನಂದು ತೆಗೀರಿ. ಈಗಲೇ.”

“ಇಲ್ಲೇನಾ? ನಾನು ದನದ ಡಾಕ್ಟ್ರು. ಆಸ್ಪತ್ರೆಗೆ ಹೋಗಿ.”

“ಹೋಗಿ ಎಂತ ಹೇಳಲಿ? ಒಳಗೆ ಯಾವ ಮದ್ದು ಅಂತ ಕೇಳ್ತಾರೆ. ಯಾಕೆ ಅಂತ ಕೇಳ್ತಾರೆ. ಗಂಡ ಪಕ್ಕದಲ್ಲೇ ನಿಂತಿರ್ತಾರೆ. ಯಾರು ಹಾಕಿದ್ದು ಅಂತಲೂ ಕೇಳ್ತಾರೆ ಡಾಕ್ಟ್ರೇ. ಅಣ್ಣ ಸತ್ತ. ಉಳಿದದ್ದು ನೀವೊಬ್ಬರೇ.”

ಸುರೇಂದ್ರ ಮಂಚದ ತುದಿಯಲ್ಲಿ ಕೂತುಬಿಟ್ಟ. ಮನೆಯಲ್ಲಿ ಇಬ್ಬರು ಮಕ್ಕಳು ಎಂದ. ಕೆಲಸ ಹೋಗುತ್ತದೆ, ಜೈಲೂ ಆಗಬಹುದು ಎಂದ. ಅವಳು ರವಿಕೆಯ ತೋಳು ಮೇಲೇರಿಸಿ ಅವನ ಮುಂದೆ ಹಿಡಿದಳು. ಅವನು ಬೆರಳಿನಿಂದ ಒತ್ತಿ ನೋಡಿದ. ನಿನ್ನೆಯ ತನಕ ಅಕ್ಕಿಕಾಳಿನಷ್ಟಿದ್ದದ್ದು ಹುಣಿಸೆಬೀಜದಷ್ಟಾಗಿತ್ತು. ಅಥವಾ ಅವಳಿಗೆ ಹಾಗನ್ನಿಸಿತು. ಅವನ ಬೆರಳು ತಣ್ಣಗಿತ್ತು.

“ದಪ್ಪ ಆಗಿದೆಯಾ?”

ಅವನು ಕೈ ತೆಗೆದ.

“ನನ್ನ ಮೈ ಬಿಸಿ ಉಂಟಾ? ಹೇಳಿ.”

“ಕಾರಲ್ಲಿ ಬ್ಯಾಗಿದೆ,” ಎಂದ ಅವನು ಏಳುತ್ತಾ. “ಬ್ಲೇಡು, ಸ್ಪಿರಿಟ್ಟು ಎಲ್ಲ ಇದೆ. ತರ್ತೀನಿ. ಒಂದು ಒಗೆದ ಬಟ್ಟೆ ಹಾಸಿಡಿ. ಬೇರೆ ಯಾರನ್ನೂ ಒಳಗೆ ಬಿಡಬೇಡಿ.”

“ತೆಗೆದ ಮೇಲೆ ನಾನು ಮತ್ತೆ ಬೀಳ್ತೇನಲ್ಲ?”

“ಬೀಳ್ತೀರಿ. ಮಾತ್ರೆ ಶುರು ಮಾಡಿ.” ಬಾಗಿಲಲ್ಲಿ ತಿರುಗಿ ನೋಡಿದ. “ಬಂದೆ,” ಎಂದ.

ಅವಳು ಅಣ್ಣನ ಪಂಚೆಯೊಂದನ್ನು ಮಡಿಸಿ ಮಂಚದ ಮೇಲೆ ಹಾಸಿದಳು. ತೋಳನ್ನು ಅದರ ಮೇಲೆ ಚಾಚಿ ಕೂತಳು. ಹೊರಗೆ ನೀರು ಚೆಲ್ಲುವ ಸದ್ದು, ಪೊರಕೆಯ ಸದ್ದು. ಕಾರಿನ ಬಾಗಿಲು ಹಾಕಿಕೊಂಡ ಸದ್ದು. ಬ್ಯಾಗು ತೆಗೆದಿರಬೇಕು. ಎಂಜಿನ್ ಶುರುವಾಯಿತು. ಮುತ್ತಮ್ಮ ಓಣಿ ತೊಳೆಯುತ್ತಿದ್ದಾಳಲ್ಲ, ಕಾರನ್ನು ಸ್ವಲ್ಪ ಆಚೆ ನಿಲ್ಲಿಸಿ ಬರುತ್ತಿರಬೇಕು. ಸದ್ದು ಓಣಿಯ ಕೊನೆಗೆ ಹೋಯಿತು. ಬಸ್‌ಸ್ಟ್ಯಾಂಡಿನ ಕಡೆ ಏರಿತು. ಅಲ್ಲಿ ತಿರುಗಿಸಿಕೊಂಡು ಬರಬಹುದು. ಓಣಿ ಸಪೂರ, ತಿರುಗಿಸಲು ಜಾಗವಿಲ್ಲ.

ಆಕಳಿಕೆ ಬಂತು. ಅವಳು ತುಟಿ ಕಚ್ಚಿದಳು. ಮತ್ತೊಂದು ಬಂತು. ಹಾಸಿಗೆಯ ತಲೆದಿಂಬಿನ ಮೇಲೆ ಅಣ್ಣನ ತಲೆಯ ಗುಳಿ ಇನ್ನೂ ಹಾಗೇ ಇತ್ತು. ಅದನ್ನು ನೋಡಿದ್ದೇ ದಿಗ್ಗನೆ ಎದ್ದು ಬಾಗಿಲು ತೆರೆದು ಹೊರಟಳು. ರವಿಕೆಯ ತೋಳು ಇಳಿಸಿಕೊಳ್ಳುವುದನ್ನು ಮರೆತಿದ್ದಳು.

ಜಗಲಿ ಒರೆಸುತ್ತಿದ್ದ ತ್ರಿಪುರಸುಂದರಿ ತಲೆ ಎತ್ತಿದರು. “ಏನೇ ಅದು ತೋಳಲ್ಲಿ?” ಒರೆಸುವ ಬಟ್ಟೆ ಕೈಯಿಂದ ಜಾರಿತು. “ಅಯ್ಯೋ ದೇವರೇ, ನಿಂಗೂ ಉಣ್ಣಿಯಾ?”

ಹೆಂಗಸರು ಬಕೆಟು ಪೊರಕೆ ಬಿಟ್ಟು ಗೋಡೆಗೆ ಒತ್ತಿ ನಿಂತರು. ಅವಳು ಅವರ ನಡುವೆ ಗೇಟಿನ ತನಕ ಹೋದಳು. ದಾರಿ ತಾನಾಗಿ ತೆರೆದುಕೊಂಡಿತು. ಬಸ್‌ಸ್ಟ್ಯಾಂಡಿನ ಏರಿನಲ್ಲಿ ಯಾವ ಕಾರೂ ತಿರುಗಿ ಇಳಿಯುತ್ತಿರಲಿಲ್ಲ. ಅಲ್ಲೇ ಸ್ವಲ್ಪ ಹೊತ್ತು ನಿಂತಳು. ಆಮೇಲೆ ವಾಪಸು ಬಂದು ಒದ್ದೆ ಜಗಲಿಯ ಮೇಲೆ ಅತ್ತೆಯ ಎದುರಿಗೆ ಕೂತಳು. ಹಲ್ಲು ಕಟಕಟ ಎನ್ನುತ್ತಿತ್ತು.

“ಉಣ್ಣಿ ಅಲ್ಲ ಅತ್ತೆ,” ಎಂದಳು. “ನಾನು ನಿದ್ದೆ ಹೋಗದ ಹಾಗೆ ನೋಡ್ಕೊಳ್ಳಿ. ನಿಮ್ಮ ಮಗನಿಗೆ ಫೋನ್ ಮಾಡಿ ಬರಲಿಕ್ಕೆ ಹೇಳಿ. ಮದುವೆಗೆ ಮೊದಲಿಂದಲೂ ನನಗೊಂದು ಕಾಯಿಲೆ ಉಂಟು, ಹೇಳ್ತೇನೆ.”

ಗೇಟಿನಾಚೆ ಇಡೀ ಓಣಿ ಸಗಣಿನೀರಿಗೆ ಹಸಿರಾಗಿ ಮಿರುಗುತ್ತಿತ್ತು. ಅದರ ನಡುವೆ ಒಂದು ಕಾರಿನಷ್ಟು ಉದ್ದ, ಒಂದು ಕಾರಿನಷ್ಟು ಅಗಲ, ನೆಲ ಒಣಗಿಯೇ ಇತ್ತು.